ದಿನಾ ಶಿಲಾಜಿತ್ ತಿನ್ನಬೇಕೆ?

ಪರ

ರಸಬಾಳೆಯ ಬುಡಕ್ಕೆಂದು ನಂಜನಗೂಡಿನ ರೈತರು ಗೊಬ್ಬರದಂಗಡಿಯಿಂದ ತರುವ ಹ್ಯೂಮಿಕ್ ಪುಡಿ ಒಂದು ಹಿಡಿ ಸಾಕು, ಬಕೆಟ್ ನೀರೆಲ್ಲ ಕಪ್ಪಾಗುತ್ತದೆ. ಹಿಮಾಲಯದ ಬಂಡೆಗಳಿಂದ ಒಸರುವ ಶಿಲಾಜಿತ್ ಕೂಡ, ಕೊಳೆತ ಸಸ್ಯಗಳಿಂದ ಹುಟ್ಟುವ ಇದೇ ಹ್ಯೂಮಿಕ್ ವಸ್ತುಗಳ ಬಳಗದ್ದು. ಅದರಲ್ಲಿರುವ ಫುಲ್ವಿಕ್ ಆಮ್ಲದ ಫೀನಾಲ್, ಕ್ವಿನೋನ್ ಗುಂಪುಗಳು ಎಲೆಕ್ಟ್ರಾನ್ ಕೊಟ್ಟು, ಜೀವಕೋಶಗಳನ್ನು ಹಾಳುಗೆಡವುವ ಫ್ರೀ ರ‍್ಯಾಡಿಕಲ್‌ಗಳನ್ನು ತಣಿಸುತ್ತವೆ. ಪ್ರಯೋಗಾಲಯಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಚರಕಸಂಹಿತೆ ಶಿಲಾಜಿತನ್ನು ಮುಪ್ಪನ್ನು ದೂರವಿಡುವ ರಸಾಯನಗಳ ಸಾಲಿನಲ್ಲಿಟ್ಟಿದೆ. 1913ರಷ್ಟು ಹಿಂದೆಯೇ ಆಯುರ್ವೇದ ಔಷಧ ತಯಾರಿಸುವ ಸದ್ವೈದ್ಯಶಾಲೆಯನ್ನು ಕಂಡ ನಂಜನಗೂಡಿಗೆ ಈ ಮಾತು ಹೊಸದಲ್ಲ. 2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, 45ರಿಂದ 55 ವರ್ಷದ ಆರೋಗ್ಯವಂತ ಗಂಡಸರು ಶೋಧಿಸಿದ ಶಿಲಾಜಿತನ್ನು 250 ಮಿಲಿಗ್ರಾಂನಂತೆ ದಿನಕ್ಕೆರಡು ಸಲ 90 ದಿನ ತೆಗೆದುಕೊಂಡಾಗ ಟೆಸ್ಟೋಸ್ಟೆರಾನ್ ಹಾರ್ಮೋನು ಏರಿತು. ಇಷ್ಟಿದ್ದ ಮೇಲೆ ಬೇಡವೆನ್ನುವುದೇಕೆ?

ವಿರೋಧ

ಹಾರ್ಮೋನಿನ ಅಂಕಿ ಏರಿದ್ದು ನಿಜ. ಆದರೆ ಅಷ್ಟಕ್ಕೇ ಆಯುಸ್ಸು ಹೆಚ್ಚಿತು, ಮುಪ್ಪು ತಡೆಯಿತು ಎಂದು ಹೇಳಲಾಗದು. ಗಾಜಿನ ತಟ್ಟೆಯಲ್ಲಿ ಜೀವಕೋಶದ ಮೇಲೆ ನೇರವಾಗಿ ಸುರಿದ ದ್ರಾವಣವೇ ಬೇರೆ. ಹೊಟ್ಟೆ, ಕರುಳು, ಯಕೃತ್ತು ದಾಟಿ ಹೋಗಬೇಕಾದ ಗುಳಿಗೆಯೇ ಬೇರೆ.

ಇನ್ನೂ ಮುಖ್ಯವಾದದ್ದು, ಎಲೆಕ್ಟ್ರಾನ್ ಕೊಡುವ ಗುಣಕ್ಕೆ ಎರಡು ಮುಖಗಳಿವೆ. ಹತ್ತಿರದಲ್ಲಿ ಕಬ್ಬಿಣವಿದ್ದರೆ ಶಿಲಾಜಿತ್‌ನಲ್ಲಿರುವಂಥ ಹ್ಯೂಮಿಕ್ ವಸ್ತು ಅದನ್ನು ಫೆರಸ್ ರೂಪಕ್ಕೆ ಇಳಿಸುತ್ತದೆ. ಆ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಕೋಶವನ್ನು ಕಾಯುತ್ತದೆಂದು ನಂಬಿದ್ದೇ ಕೋಶಕ್ಕೆ ಏಟು ಕೊಡಬಲ್ಲದು. ತೈವಾನಿನಲ್ಲಿ ಆಳದ ಬಾವಿಗಳ ನೀರು ಕುಡಿದವರ ಪಾದ ಕಪ್ಪಾಗಿ ಕೊಳೆಯುತ್ತಿದ್ದ ಕಾಯಿಲೆಗೆ ಮುಖ್ಯ ಕಾರಣ ಆರ್ಸೆನಿಕ್ ಆದರೂ, ಅದೇ ನೀರಿನ ಹ್ಯೂಮಿಕ್ ವಸ್ತುಗಳ ಮೇಲೂ ಸಂಶೋಧಕರಿಗೆ ಅನುಮಾನ ಬಂದಿತ್ತು.

ಸತು, ಕಬ್ಬಿಣವನ್ನು ಹಿಡಿದುಕೊಳ್ಳುವಂತೆಯೇ ಸೀಸವನ್ನೂ ಹ್ಯೂಮಿಕ್ ವಸ್ತು ಹಿಡಿದುಕೊಳ್ಳುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಸ್ಟನ್ನಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಹಸಿ ಶಿಲಾಜಿತ್ ಬೇಡ, ತ್ರಿಫಲಾ ಕಷಾಯದಲ್ಲಿ ಶೋಧಿಸಿಯೇ ಕೊಡಬೇಕೆಂಬುದು ಆಯುರ್ವೇದದ್ದೇ ಕಟ್ಟಳೆ. ಚರಕನನ್ನು ಮುಂದಿಡುವವರು ಈ ಕಟ್ಟಳೆಯನ್ನು ಬಿಡುವುದು ನನಗೆ ಒಪ್ಪಿಗೆಯಾಗದು.

ಇನ್ನು ಗಿಡಕ್ಕೆ ಒಳ್ಳೆಯದಾದದ್ದು ನಮಗೂ ಒಳ್ಳೆಯದೆಂಬ ಮಾತಂತೂ ಅಪಾಯದ್ದು. ಅಂಗಡಿಯ ಹ್ಯೂಮಿಕ್ ಪುಡಿಯನ್ನು ಸಾಮಾನ್ಯವಾಗಿ ಲಿಗ್ನೈಟ್‌ನಂಥ ಕಲ್ಲಿದ್ದಲಿನಿಂದ ಕಾಸ್ಟಿಕ್ ಪೊಟ್ಯಾಷ್ ಹಾಕಿ ತೆಗೆಯುತ್ತಾರೆ. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದದ್ದೂ ಬೆಳೆಯ ಜೈವಿಕ ಉತ್ತೇಜಕವಾಗಿ. ನಂಜನಗೂಡಾಗಲಿ ನರಸೀಪುರವಾಗಲಿ, ಅದು ಬಾಳೆ, ಕಬ್ಬಿನ ಬೇರಿಗೆ ಹೋಗಲಿ. ಶಿಲಾಜಿತ್ ಬೇಕೇ ಬೇಕಾದವರು ವೈದ್ಯರನ್ನು ಕೇಳಿ, ಭಾರಲೋಹದ ಪರೀಕ್ಷಾ ವರದಿ ಇರುವ ಡಬ್ಬಿಯನ್ನೇ ಕೊಂಡು, ಅವರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಲಿ.