ಎರಡು ಕಾರ್ಡು, ಒಂದು ಸಂಸಾರ

ಕಳೆದ ಭಾನುವಾರ ಸಂಜೆ ನಮ್ಮ ನೆರೆಮನೆಯ ಹಿರಿಯರು ಮಗ, ಸೊಸೆ, ಮೂರು ವರ್ಷದ ಮೊಮ್ಮಗಳೊಡನೆ ನಮ್ಮಲ್ಲಿಗೆ ದಯಮಾಡಿಸಿದ್ದರು. ಕಾಫಿಯ ಲೋಟ ಕೈಗೆ ಬರುವ ಮೊದಲೇ ಹಿರಿಯರು ವಿಷಯವನ್ನೆತ್ತಿದರು. ಮಗನಿಗೆ ಜರ್ಮನಿಗೆ ಹೋಗುವ ಮನಸ್ಸಾಗಿದೆ. ಅದಕ್ಕಾಗಿ ಅವರು ತಮ್ಮ ಬ್ಯಾಂಕಿನ ಠೇವಣಿಯನ್ನು ಮುರಿಸಲು ಹೊರಟಿದ್ದಾರೆ. ಸರಿಯೋ ತಪ್ಪೋ ನಾನು ಹೇಳಬೇಕು!

ಮಗನಿಗೆ 31 ವರ್ಷ. ಕಂಪ್ಯೂಟರ್ ವಿಜ್ಞಾನದ ಪದವೀಧರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಟು ವರ್ಷಗಳ ಅನುಭವ. ದಲ್ಲಾಳಿಯೊಬ್ಬನು ಅವನಿಗೆ ‘ಅವಕಾಶದ ಕಾರ್ಡ’ನ್ನು ಸೂಚಿಸಿದ್ದನು. “ಕೆಲಸ ಗೊತ್ತಾಗುವವರೆಗೆ ಇಲ್ಲಿ ಕಾಯಬೇಕಾದುದಿಲ್ಲ, ಮೊದಲು ಹೋಗಿ, ಅಲ್ಲಿಯೇ ಹುಡುಕಿ” ಎಂಬುದು ಅವನ ಉಪದೇಶ. ಮಗನ ಮುಖದಲ್ಲಿ ಆಗಲೇ ವಿಮಾನವೇರಿದ ಕಳೆಯಿದ್ದಿತು.

ಸೊಸೆ ಅಷ್ಟು ಹೊತ್ತೂ ಸುಮ್ಮನಿದ್ದಳು. ಕೊನೆಗೆ ಮೆಲ್ಲನೆ ಅಂದಳು: “ಇವರು ಹೋಗುವುದು ಬೇಡವೆನ್ನುವವಳು ನಾನಲ್ಲ. ಆದರೆ ನಾನೂ ಮಗುವೂ ಹೊರಡುವುದು ಯಾವಾಗ ಎಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ.”

ಆ ಒಂದು ಮಾತಿನಲ್ಲಿ ಇಡೀ ಪ್ರಶ್ನೆ ಅಡಗಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಇದೇ ಚರ್ಚೆ ನಡೆಯುತ್ತಿರುವುದರಿಂದ ಅಂದಿನ ಮಾತುಕತೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ಜರ್ಮನಿಗೆ ನುರಿತ ಕೆಲಸಗಾರರು ಬೇಕಾಗಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಅಲ್ಲಿ ನಿವೃತ್ತರ ಸಂಖ್ಯೆ ಏರುತ್ತಿದೆ, ಅವರ ಸ್ಥಾನವನ್ನು ತುಂಬುವ ತರುಣರು ಸಾಲದಾಗಿದ್ದಾರೆ. 2000ನೆಯ ಇಸವಿಯಲ್ಲಿ ಆ ದೇಶವು ಕಂಪ್ಯೂಟರ್ ತಜ್ಞರನ್ನು ಕರೆದಾಗ ಐದು ವರ್ಷಗಳ ಮಿತಿಯನ್ನು ಹಾಕಿತ್ತು. 2012ರಲ್ಲಿ ‘ಬ್ಲೂ ಕಾರ್ಡ್’ ಬಂದು ಶಾಶ್ವತವಾಗಿ ನೆಲೆಸುವ ಹಾದಿ ಸುಗಮವಾಯಿತು. 2024ರ ಅಕ್ಟೋಬರಿನಲ್ಲಿ, ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವ ಪ್ರಕಟಣೆಯೂ ಹೊರಬಿದ್ದಿತು. ಬಾಗಿಲು ತೆರೆದಿದೆ, ನಿಜ. ಆದರೆ ಬಾಗಿಲುಗಳು ಹಲವು. ಒಂದೊಂದರ ಹಿಂದಿರುವ ಕೋಣೆಯೂ ಬೇರೆ ಬೇರೆ.

ಅವಕಾಶದ ಕಾರ್ಡು ಜಾರಿಗೆ ಬಂದುದು 2024ರ ಜೂನ್ 1ರಂದು. ಇದು ಉದ್ಯೋಗವನ್ನು ಕೊಡುವುದಿಲ್ಲ. ಹುಡುಕಲು ಗರಿಷ್ಠ ಒಂದು ವರ್ಷದ ಅವಧಿಯನ್ನು ಕೊಡುತ್ತದೆ. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಅರೆಕಾಲಿಕ ಕೆಲಸಕ್ಕೆ ಅನುಮತಿಯುಂಟು. ಹೊಟ್ಟೆಹೊರೆಯುವ ಶಕ್ತಿಯಿದೆಯೆಂದು ಮುಂಚಿತವಾಗಿ ತೋರಿಸಬೇಕು. ಅದಕ್ಕಾಗಿ ಸಾಮಾನ್ಯವಾಗಿ ತಿಂಗಳಿಗೆ ಸಾವಿರ ಯೂರೋಗೂ ಮಿಕ್ಕಿದ ಲೆಕ್ಕದಲ್ಲಿ ವರ್ಷದ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಟ್ಟಿಡುತ್ತಾರೆ. ನಮ್ಮ ರೂಪಾಯಿಯಲ್ಲಿ ಅದು ಹತ್ತು ಲಕ್ಷವನ್ನು ಮೀರುತ್ತದೆ. ಹಿರಿಯರ ಠೇವಣಿಗೆ ಕುತ್ತು ಬಂದುದು ಇಲ್ಲಿಯೇ. ಇನ್ನು ಹೆಂಡತಿ ಮಕ್ಕಳನ್ನು ಜೊತೆಗೆ ಕರೆಸಿಕೊಳ್ಳುವ ಹಾದಿ ಈ ಕಾರ್ಡಿನಲ್ಲಿ ಇಲ್ಲವೆಂದೇ ಹೇಳಬೇಕು. ಅಲ್ಲಿ ತಕ್ಕ ಕೆಲಸ ದೊರೆತು, ಬೇರೆ ಪರವಾನಗಿಗೆ ಬದಲಾಯಿಸಿಕೊಂಡ ಮೇಲೆಯೇ ಅದರ ಮಾತು.

ಬ್ಲೂ ಕಾರ್ಡಿನ ರೀತಿಯೇ ಬೇರೆ. ಅದಕ್ಕೆ ಕೈಯಲ್ಲಿ ಉದ್ಯೋಗದ ಕರಾರುಪತ್ರ ಇರಲೇಬೇಕು. ಸಂಬಳವೂ ನಿಗದಿಯಾದ ಮಟ್ಟವನ್ನು ಮುಟ್ಟಬೇಕು. 2025ರಲ್ಲಿ ಆ ಮಟ್ಟ ವರ್ಷಕ್ಕೆ 48,300 ಯೂರೋ. ಕಂಪ್ಯೂಟರ್, ವೈದ್ಯ, ಎಂಜಿನಿಯರಿಂಗ್ ಮುಂತಾದ ಅಭಾವದ ವೃತ್ತಿಗಳಿಗೆ 43,759 ಯೂರೋ ಚಿಲ್ಲರೆ. ಪ್ರತಿ ವರ್ಷವೂ ಇದು ಬದಲಾಗುತ್ತದೆ. ಪಡೆಯುವುದು ಕಷ್ಟ, ಪಡೆದ ಮೇಲೆ ಸಂಸಾರಕ್ಕೆ ಹಿತ. ಪತ್ನಿಯು ಹೊರಡುವ ಮುನ್ನ ಜರ್ಮನ್ ಭಾಷೆಯ ಪರೀಕ್ಷೆಯನ್ನು ಕೊಡಬೇಕಾದುದಿಲ್ಲ. ಅಲ್ಲಿ ತಾನೂ ನಿರ್ಬಂಧವಿಲ್ಲದೆ ದುಡಿಯಬಹುದು. ಆ ಕಾರ್ಡಿನ ಉದ್ಯೋಗದಲ್ಲಿ 27 ತಿಂಗಳು ಕಳೆದು, ಭಾಷೆಯ ಮೊದಲ ಮೆಟ್ಟಿಲನ್ನು ಹತ್ತಿದ್ದರೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಅವಕಾಶದ ಕಾರ್ಡಿನಲ್ಲಿ ಅಲೆದಾಡಿದ ತಿಂಗಳುಗಳು ಈ ಲೆಕ್ಕಕ್ಕೆ ಸೇರವು.

ಇವೆರಡರ ನಡುವೆ ಮೂರನೆಯದೂ ಒಂದುಂಟು: ನುರಿತ ಕೆಲಸಗಾರರ ಸಾಮಾನ್ಯ ವೀಸಾ. ಕರಾರುಪತ್ರವಿದ್ದು ಸಂಬಳ ಮಾತ್ರ ಬ್ಲೂ ಕಾರ್ಡಿನ ಮಟ್ಟಕ್ಕೆ ಏರದವರಿಗೆ ಇದು ಆಸರೆ. ಶಾಶ್ವತ ವಾಸಕ್ಕೆ ಇಲ್ಲಿ ಮೂರು ವರ್ಷ ಕಾಯಬೇಕು.

ಇಷ್ಟನ್ನು ಕೇಳಿ ಮಗನು, “ನನಗೆ ಆರು ಅಂಕಗಳು ಕೂಡಿಬಂದಿವೆ. ಅದನ್ನು ವ್ಯರ್ಥ ಮಾಡಲೇ?” ಎಂದನು. ವಯಸ್ಸು 35ಕ್ಕೆ ಒಳಗಾದುದಕ್ಕೆ ಎರಡು, ಅನುಭವಕ್ಕೆ ಮೂರು, ಅಭಾವದ ವೃತ್ತಿಗೆ ಒಂದು ಎಂದು ದಲ್ಲಾಳಿಯು ಲೆಕ್ಕ ಬರೆದುಕೊಟ್ಟಿದ್ದನು. ಲೆಕ್ಕವೇನೋ ಸರಿ. ಆದರೆ ಅದಕ್ಕಿಂತ ಮೊದಲು ನೋಡಬೇಕಾದುದನ್ನು ಅವನು ಹೇಳಿರಲಿಲ್ಲ. ವಿದೇಶಗಳ ವಿಶ್ವವಿದ್ಯಾನಿಲಯಗಳನ್ನೂ ಪದವಿಗಳನ್ನೂ ತೂಗಿ ನೋಡಿದ ‘ಅನಾಬಿನ್’ ಎಂಬ ಪಟ್ಟಿಯೊಂದು ಜರ್ಮನಿಯಲ್ಲಿದೆ. ಯಾರು ಬೇಕಾದರೂ ನೋಡಬಹುದು. ಅಲ್ಲಿಯೇ ಕುಳಿತು ಹುಡುಕಿದೆವು. ಹುಡುಗನ ವಿಶ್ವವಿದ್ಯಾನಿಲಯವೂ ಪದವಿಯೂ ಮಾನ್ಯವಾಗಿದ್ದವು. ಪದವಿಗೆ ಪೂರ್ಣ ಮಾನ್ಯತೆಯಿದ್ದವರಿಗೆ ಅವಕಾಶದ ಕಾರ್ಡಿಗೆ ಅಂಕಗಳ ಗೊಡವೆಯೇ ಇಲ್ಲ! ಮಾತ್ರವಲ್ಲ, ಅದೇ ಪದವಿ ಬ್ಲೂ ಕಾರ್ಡಿಗೂ ಬೀಗದ ಕೈ. ಅವನಿಗೆ ಕೊರತೆಯಿದ್ದುದು ಕರಾರುಪತ್ರವೊಂದೇ. ಅದನ್ನು ಇಲ್ಲಿಯ ಸಂಬಳವನ್ನು ಉಣ್ಣುತ್ತ, ಮಗುವನ್ನು ಆಡಿಸುತ್ತ, ಬೆಂಗಳೂರಿನಿಂದಲೇ ಹುಡುಕಬಹುದಲ್ಲ!

ಅವಕಾಶದ ಕಾರ್ಡು ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ಮದುವೆಯಾಗದ, ಜರ್ಮನ್ ಭಾಷೆಯನ್ನು ತಕ್ಕಮಟ್ಟಿಗೆ ಕಲಿತ, ಸ್ವಂತ ಉಳಿತಾಯವಿರುವ ತರುಣ ತರುಣಿಯರಿಗೆ ಎದುರಿಗೇ ಕುಳಿತು ಸಂದರ್ಶನ ಕೊಡುವ ಅನುಕೂಲ ಸಣ್ಣದಲ್ಲ. ಒಂದು ವರ್ಷ ಕೈಗೂಡದಿದ್ದರೆ ಅವರು ಹಿಂದಿರುಗಿ ಬಂದಾರು. ಆದರೆ ಇರುವ ಕೆಲಸವನ್ನು ಬಿಟ್ಟು, ತಂದೆಯ ಮುಪ್ಪಿನ ಹಣವನ್ನು ಒತ್ತೆಯಿಟ್ಟು, ಸಂಸಾರವನ್ನು ಎರಡು ದೇಶಗಳಿಗೆ ಹಂಚಿದವನಿಗೆ ಆ ಒಂದು ವರ್ಷ ಬಲು ಉದ್ದ. ಬಾಗಿಲು ಎಷ್ಟು ಬೇಗ ತೆರೆಯುವುದೆಂದು ಕೇಳುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು: ನನ್ನೊಡನೆ ಯಾರು ಬರಬಹುದು? ಕೆಲಸ ತಪ್ಪಿದರೆ ಎಷ್ಟು ದಿನ ನಿಲ್ಲಬಹುದು? ಕಾಲೂರಲು ಎಷ್ಟು ತಿಂಗಳು ಬೇಕು?

ಎರಡನೆಯ ಪ್ರಶ್ನೆಯನ್ನು ಮರೆಯಬಾರದು. ಬ್ಲೂ ಕಾರ್ಡೂ ಉದ್ಯೋಗವನ್ನು ಆಧರಿಸಿಯೇ ನಿಂತಿರುವುದು. ಕೆಲಸ ಹೋದರೆ ಅಲ್ಲಿಯ ಅಧಿಕಾರಿಗಳಿಗೆ ತಿಳಿಸಬೇಕು. ಬೇರೆ ಕೆಲಸ ಹುಡುಕಲು ಕೆಲವು ತಿಂಗಳುಗಳ ಅವಕಾಶ ಮಾತ್ರ ದೊರೆಯುತ್ತದೆ. ಶಾಶ್ವತ ವಾಸದ ಅನುಮತಿ ಬಂದ ದಿನವೇ ನಿಜವಾದ ನೆಮ್ಮದಿ.

ಆ ದಿನವನ್ನು ಹತ್ತಿರ ತರುವ ಉಪಾಯವೊಂದು ನಮ್ಮ ಕೈಯಲ್ಲಿಯೇ ಇದೆ. ಜರ್ಮನ್ ಭಾಷೆಯನ್ನು ಬಿ1 ಎಂಬ ನಡುಮಟ್ಟದವರೆಗೆ ಕಲಿತವರಿಗೆ 27 ತಿಂಗಳ ಕಾಯುವಿಕೆ 21 ತಿಂಗಳಿಗೆ ಇಳಿಯುತ್ತದೆ. ಇದನ್ನು ಹೇಳಿದಾಗ ನನಗೆ ಕಿಟೆಲ್ಲರ ನೆನಪಾಯಿತು. 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಆ ಪಾದ್ರಿಯು ಕನ್ನಡವನ್ನು ಕಲಿತು, 1894ರಲ್ಲಿ ನಮಗೇ ನಮ್ಮ ಮಾತಿನ ನಿಘಂಟನ್ನು ಮಾಡಿಕೊಟ್ಟರು. ಅವರ ನಾಡಿಗೆ ಹೋಗುವ ನಮ್ಮವರು ನಿಘಂಟನ್ನು ಬರೆಯಬೇಕಾದುದಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮಗುವಿನ ಶಾಲೆಯಲ್ಲಿ ನಾಲ್ಕು ಮಾತಾಡಿದರೆ ಸಾಕು.

ಹೊರಡುವಾಗ ಹಿರಿಯರು ಠೇವಣಿಯ ಮಾತನ್ನೆತ್ತಲಿಲ್ಲ. ಮಗನು ಸಂಜೆಯ ಜರ್ಮನ್ ತರಗತಿ ಎಲ್ಲಿದೆಯೆಂದು ವಿಚಾರಿಸಿದನು. ಸೊಸೆ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿ, “ಇಬ್ಬರಿಗೂ ಸೇರಿಸಿ ಕೇಳಿ” ಎಂದಳು.