ಫುಟ್‌ಬಾಲ್ ಅಂಗಡಿಯ ಬೀಗದ ಕೈ ಯಾರ ಹತ್ತಿರ?

ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಹಳೇ ಫುಟ್‌ಬಾಲ್ ಅಭಿಮಾನಿಗಳನ್ನು ಕೇಳಿ ನೋಡಿ. ತಂಡಕ್ಕೆ ಹೊಸಬ ಬಂದ ಅಂದರೆ ಒಂದು ಕಾಲಕ್ಕೆ ಐ.ಟಿ.ಐ.ನಲ್ಲೋ ಎಚ್.ಎ.ಎಲ್.ನಲ್ಲೋ ಹುಡುಗನಿಗೆ ಕೆಲಸ ಸಿಕ್ಕಿತು ಎಂದೇ ಅರ್ಥ. ಕಾಲು ಸೋತ ಮೇಲೂ ಕಾರ್ಖಾನೆಯ ಸಂಬಳ ಬರುತ್ತಿತ್ತು. ಈಗ? ವರ್ಷ ಎರಡು ವರ್ಷದ ಕರಾರು, ಎದೆ ತುಂಬ ಜಾಹೀರಾತು.

ದುಡ್ಡು ಬಂದದ್ದೇ ತಪ್ಪು ಅಂತಲ್ಲ. 2013ರಲ್ಲಿ ಜಿಂದಾಲ್ ಕಂಪನಿ ಹುಟ್ಟುಹಾಕಿದ ಬೆಂಗಳೂರು ಎಫ್.ಸಿ. ಸುನಿಲ್ ಛೆಟ್ರಿಯನ್ನು ಕರೆತಂದು ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತನಕ ಹೋಯಿತು. ಕಂಠೀರವದಲ್ಲಿ ಗಂಟಲು ಹರಿಯುವಂತೆ ಕೂಗಿದ್ದೂ ಈ ಅಭಿಮಾನಿಗಳೇ. ಆದರೆ ತಂಡ 2017ರಲ್ಲಿ ಸೇರಿದ ಐ.ಎಸ್.ಎಲ್.ನ ವ್ಯಾಪಾರದ ಒಪ್ಪಂದ 2025ರಲ್ಲಿ ನವೀಕರಣವಾಗದೆ, ಆಟ ಶುರುವಾಗುವುದೇ ಅನುಮಾನವಾಯಿತು. ಆಗಸ್ಟ್‌ನಲ್ಲಿ ಇದೇ ಕ್ಲಬ್ ಆಟಗಾರರ ಸಂಬಳಕ್ಕೆ ತಡೆ ಹಾಕಿತು. ಸರಕಿದೆ, ಗಿರಾಕಿಯಿದ್ದಾರೆ, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ! ಯಾವ ಅಂಗಡಿಯವರು ಇದಕ್ಕೆ ಒಪ್ಪುತ್ತಾರೆ ಸ್ವಾಮೀ?

ಹಳೇ ಅಭಿಮಾನಿಯ ಬೇಡಿಕೆ ದೊಡ್ಡದೇನಲ್ಲ. ದೂರದಿಂದ ಒಬ್ಬನನ್ನು ತನ್ನಿ, ಬೇಡ ಎಂದವರಾರು? ಜೊತೆಗೆ ಗೌತಮಪುರದ ಇಬ್ಬರನ್ನೂ ಆಡಿಸಿ. 2023ರಲ್ಲಿ, 54 ವರ್ಷಗಳ ನಂತರ, ಕರ್ನಾಟಕಕ್ಕೆ ಸಂತೋಷ್ ಟ್ರೋಫಿ ತಂದವರು ಹೆಸರಿಲ್ಲದ ಹುಡುಗರೇ.