ಐದು ಟನ್ ಕಬ್ಬಿನ ಲ್ಯಾಪ್‌ಟಾಪ್

‘ಸ್ಟೂಡೆಂಟ್ ಲ್ಯಾಪ್‌ಟಾಪ್’ ಅನ್ನುವ ಹೆಸರಿನಲ್ಲಿ ಮಾರಾಟ ಆಗುವ ಡಬ್ಬಿಯನ್ನು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡೋ ಯಾವನೇ ಒಬ್ಬ ತನ್ನ ಸ್ವಂತ ಮಕ್ಕಳಿಗೆ ಕೊಡಿಸಿದ್ದನ್ನು ನಾನಂತೂ ನೋಡಿಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, 11.6 ಇಂಚಿನ ಮಸುಕು ಪರದೆ. ನಮ್ಮ ಆಫೀಸಿನವರು ಇಂಥದ್ದೊಂದನ್ನು ನಮ್ಮ ಟೇಬಲ್ ಮೇಲೆ ಇಟ್ಟರೆ ಅವತ್ತೇ ಐಟಿಯವರಿಗೆ ಟಿಕೆಟ್ ಹಾಕ್ತೀವಿ, ಮ್ಯಾನೇಜರ್‌ಗೆ ಮೇಲ್ ಬರೀತೀವಿ, ಊಟದ ಹೊತ್ತಲ್ಲಿ ಗೋಳಾಡ್ತೀವಿ. ಆದ್ರೆ ಊರಿಂದ ಫೋನ್ ಬಂದು, ‘ಹುಡುಗಿ ಡಿಗ್ರಿ ಸೇರ‍್ಯಾಳ, ಒಂದ್ ಸಣ್ಣ ಲ್ಯಾಪ್‌ಟಾಪ್ ನೋಡಿ ಹೇಳಪಾ, ಭಾಳ ತುಟ್ಟೀದ್ ಬ್ಯಾಡ’ ಅಂದಾಗ ಅದೇ ಡಬ್ಬಿಯ ಲಿಂಕ್ ಕಳಿಸ್ತೀವಿ. ಸೇಲ್ ನಡೀತಿದೆ, ನಾಲ್ಕು ಸ್ಟಾರ್ ಇದೆ, ಓದೋ ಹುಡುಗಿಗೆ ಇಷ್ಟು ಸಾಕು.

ಆ ‘ಸಾಕು’ ಅನ್ನೋ ಪದದ ಮೇಲೇ ನನ್ನ ಜಗಳ.

ನಮ್ಮೂರು ಹಿಪ್ಪರಗಿ. ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ ಊರು. ಮಳೆಗಾಲ ಬಂದರೆ ಇಷ್ಟು ಕ್ಯೂಸೆಕ್ ಒಳಹರಿವು, ಇಷ್ಟು ಹೊರಹರಿವು ಅಂತ ಪೇಪರಿನಲ್ಲಿ ನಮ್ಮ ಹೆಸರು ಬರುತ್ತೆ, ಉಳಿದ ದಿನ ಯಾರಿಗೂ ನಾವು ನೆನಪಿರಲ್ಲ. ಸುತ್ತ ಕಬ್ಬು, ರಬಕವಿ-ಬನಹಟ್ಟಿ ಕಡೆ ಹೋದರೆ ಮಗ್ಗದ ಸದ್ದು. ನಮ್ಮ ಕಡೆ ದೊಡ್ಡ ಖರ್ಚನ್ನು ಟನ್ನಿನ ಲೆಕ್ಕದಲ್ಲಿ ಅಳೀತಾರೆ. 2025ರ ನವೆಂಬರಿನಲ್ಲಿ ಗುರ್ಲಾಪುರದಿಂದ ಮುಧೋಳದವರೆಗೆ ರೈತರು ರಸ್ತೆಗಿಳಿದು ಟನ್ನಿಗೆ 3,500 ಕೇಳಿದರು, ಸರ್ಕಾರ 3,300 ಅಂದಿತು. ಆ ಲೆಕ್ಕದಲ್ಲಿ 16,500 ರೂಪಾಯಿಯ ಲ್ಯಾಪ್‌ಟಾಪ್ ಅಂದರೆ ಐದು ಟನ್ ಕಬ್ಬು. ಎಕರೆಗೆ 40 ಟನ್ ಇಳುವರಿ ಬಂತು ಅಂತಿಟ್ಟುಕೊಳ್ಳಿ, ಗುಂಟೆಗೆ ಒಂದು ಟನ್ ಆಯ್ತು. ಐದು ಗುಂಟೆ ಹೊಲ ವರ್ಷಗಟ್ಟಲೆ ನೀರು ಕುಡಿದು ನಿಂತದ್ದು ಆ ಒಂದು ಡಬ್ಬಿಗೆ. ಬೀಜ, ಗೊಬ್ಬರ, ಆಳಿನ ಖರ್ಚು ಇನ್ನೂ ಕಳೆದಿಲ್ಲ. ಬೆಂಗಳೂರಲ್ಲಿ ನಾವು ಅದನ್ನು ‘ಬಜೆಟ್’ ಅಂತ ಕರೀತೀವಿ.

ಈಗ ಡಬ್ಬಿ ಬಿಚ್ಚೋಣ. ನನ್ನ ಕಾಕಾನ ಮಗಳು ಜಮಖಂಡಿಯಲ್ಲಿ ಬಿ.ಕಾಂ. ಓದ್ತಾಳೆ. ಪುಣೆಯಲ್ಲಿರೋ ನಮ್ಮ ಸಂಬಂಧಿಕರೊಬ್ಬರು ಲಿಂಕ್ ಕಳಿಸಿ ಕೊಡಿಸಿದ ಲ್ಯಾಪ್‌ಟಾಪ್ ಅವಳದು. ಕಂಪನಿಯ ಹೆಸರು ಬೇಡ, ಈ ಬೆಲೆಯಲ್ಲಿ ಎಲ್ಲರದ್ದೂ ಒಂದೇ ಜಾತಕ. ಮೊದಲ ದಿನ ಟ್ಯಾಲಿ ಹಾಕಲು ಹೋದರೆ ಹತ್ತಲೇ ಇಲ್ಲ. ನುಡಿ ಹಾಕಲು ಹೋದಳು, ಅದೂ ಇಲ್ಲ. ಯಾಕಂದ್ರೆ ಅದರಲ್ಲಿದ್ದದ್ದು ವಿಂಡೋಸಿನ ‘ಎಸ್ ಮೋಡ್’. ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನ ಯಾವ ತಂತ್ರಾಂಶವನ್ನೂ ಅದು ಒಳಗೆ ಬಿಡುವುದಿಲ್ಲ. ಅದರಿಂದ ಆಚೆ ಬರೋಕೆ ದುಡ್ಡು ಬೇಕಿಲ್ಲ, ಸ್ಟೋರಿಗೆ ಹೋಗಿ ಒಂದೆರಡು ಕ್ಲಿಕ್ ಮಾಡಿದರೆ ಸಾಕು. ಆದರೆ ಅದು ಗೊತ್ತಿರಬೇಕಲ್ಲ? ಅಂಗಡಿಯವನೊಬ್ಬ ಆ ಎರಡು ಕ್ಲಿಕ್ಕಿಗೆ ಐದುನೂರು ತೊಗೊಂಡ. ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ ಹತ್ತದ ‘ಸ್ಟೂಡೆಂಟ್ ಲ್ಯಾಪ್‌ಟಾಪ್’, ಅದೂ ಬೆಂಗಳೂರಲ್ಲೇ ಹುಟ್ಟಿದ ಟ್ಯಾಲಿ, ಕರ್ನಾಟಕದಲ್ಲೇ ಹುಟ್ಟಿದ ನುಡಿ!

ಮುಂದಿನದು ಜಾಗ. ಪೆಟ್ಟಿಗೆ ಮೇಲೆ 64 ಜಿಬಿ ಅಂತ ಇದ್ದರೂ ವಿಂಡೋಸ್ ತೋರಿಸೋದು 58ರ ಆಸುಪಾಸು. ಅದರಲ್ಲಿ ವಿಂಡೋಸ್ ತನಗೇ ಇಪ್ಪತ್ತು-ಮೂವತ್ತು ಇಟ್ಟುಕೊಳ್ಳುತ್ತೆ. ದೊಡ್ಡ ಅಪ್‌ಡೇಟ್ ಬಂದಾಗ ಇನ್ನಷ್ಟು ಖಾಲಿ ಜಾಗ ಕೇಳುತ್ತೆ, ಇಲ್ಲ ಅಂದರೆ ನಡುವೆ ನಿಲ್ಲುತ್ತೆ. ಹಾಗಾದರೆ ಡಿಸ್ಕ್ ಬದಲಿಸೋಣ ಅಂದರೆ ಡಿಸ್ಕೇ ಇಲ್ಲ. ಇರೋದು ಇಎಮ್‌ಎಮ್‌ಸಿ ಅನ್ನೋ ಚಿಪ್ಪು, ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದು. ರ‍್ಯಾಮ್ ಕೂಡ ಬೆಸುಗೆ. ಎರಡರಲ್ಲಿ ಯಾವುದು ಕೆಟ್ಟರೂ, ಯಾವುದು ಸಾಲದೇ ಹೋದರೂ ಇಡೀ ಬೋರ್ಡ್ ಬದಲಿಸಬೇಕು. ಬೋರ್ಡಿನ ಬೆಲೆ ಕೇಳಿದವರು ಹೊಸದೇ ತೊಗೋತೀನಿ ಅಂತಾರೆ. ಕಂಪನಿಗೆ ಬೇಕಾಗಿದ್ದೂ ಅದೇ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಬರೆದಿಟ್ಟಿರುವ ಕನಿಷ್ಠ ಅಗತ್ಯವೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ಅದಕ್ಕಿಂತ ಕೆಳಗೆ ಹೋದರೆ ನಡೆಯೋದಿಲ್ಲ ಅಂತ ಎಳೆದ ಗೆರೆ ಅದು. ಈ ಕಂಪನಿಗಳು ಆ ಗೆರೆ ಮೇಲೇ ಮನೆ ಕಟ್ಟಿ ಮಾರ್ತಾರೆ. ಕಬ್ಬಿನ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಎಫ್‌ಆರ್‌ಪಿ ಅಂದರೆ ಕಾರ್ಖಾನೆ ಕನಿಷ್ಠ ಇಷ್ಟು ಕೊಡಲೇಬೇಕು ಅಂತ. ಕಾರ್ಖಾನೆಯವರು ಅದನ್ನು ಗರಿಷ್ಠ ಅಂತ ಓದ್ತಾರೆ. ಅಪ್ಪನಿಗೆ ಅಲ್ಲಿ, ಮಗಳಿಗೆ ಇಲ್ಲಿ.

ಇದು ಇವತ್ತಿನ ಚಾಳಿ ಅಲ್ಲ. 2007ರಲ್ಲಿ ಆಸುಸ್ ಕಂಪನಿ ಇ-ಪಿಸಿ ಅಂತ ಒಂದು ಪುಟಾಣಿ ಲ್ಯಾಪ್‌ಟಾಪ್ ತಂದಿತು. ಏಳು ಇಂಚಿನ ಪರದೆ, 4 ಜಿಬಿ ಫ್ಲ್ಯಾಶ್, ಒಂದು ಕಿಲೋಗೂ ಕಡಿಮೆ ತೂಕ, ಒಳಗೆ ಲಿನಕ್ಸ್. ಅಷ್ಟರಲ್ಲೇ ಸಲೀಸಾಗಿ ನಡೀತಿತ್ತು, ಯಾಕಂದ್ರೆ ಯಂತ್ರಕ್ಕೆ ತಕ್ಕ ತಂತ್ರಾಂಶ ಹಾಕಿದ್ದರು. ಇದು ಓಡಿದ್ದು ನೋಡಿ ಎಲ್ಲರೂ ನೆಟ್‌ಬುಕ್ ಅಂತ ಮುಗಿಬಿದ್ದರು. ಆಮೇಲೆ ಶುರುವಾಯ್ತು ಆಟ. ಅಗ್ಗದ ವಿಂಡೋಸ್ ಪರವಾನಗಿ ಬೇಕು ಅಂದರೆ ಪರದೆ ಇಷ್ಟಕ್ಕಿಂತ ದೊಡ್ಡದು ಇರಬಾರದು, ರ‍್ಯಾಮ್ ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ ಷರತ್ತು ಬಂತು. ಬಡವನ ಯಂತ್ರ ಚೆನ್ನಾಗಿ ಕೆಲಸ ಮಾಡಿಬಿಟ್ಟರೆ ತುಟ್ಟಿ ಯಂತ್ರ ಯಾರು ಕೊಳ್ತಾರೆ ಅನ್ನೋ ಭಯ. ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿ ನೆನಪಿದೆಯಾ? ಅದರಲ್ಲಿ ವಾಲ್‌ಪೇಪರ್ ಬದಲಿಸೋಕೂ ಬಿಡ್ತಿರಲಿಲ್ಲ. ವಾಲ್‌ಪೇಪರ್ ಬದಲಿಸೋಕೆ ಯಾವ ಹೆಚ್ಚಿನ ಯಂತ್ರಶಕ್ತಿ ಬೇಕು ಸ್ವಾಮಿ? ನೀನು ಕಡಿಮೆ ದುಡ್ಡು ಕೊಟ್ಟವನು ಅಂತ ದಿನಾ ಬೆಳಗ್ಗೆ ನೆನಪಿಸೋದಕ್ಕೆ, ಅಷ್ಟೇ.

ನಮ್ಮಲ್ಲಿ ಬೇರೆ ಥರ ಯೋಚಿಸಿದವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಸೇರಿ ಮಾಡಿದ ಸಿಂಪ್ಯೂಟರ್ ಇವತ್ತಿನ ಹುಡುಗರಿಗೆ ಗೊತ್ತೇ ಇಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಕಂಪ್ಯೂಟರ್, ಲಿನಕ್ಸ್, ಜೊತೆಗೊಂದು ಸ್ಮಾರ್ಟ್‌ಕಾರ್ಡ್ ಕಿಂಡಿ. ಆ ಕಿಂಡಿ ಯಾಕೆ ಅಂದರೆ, ಊರಿಗೆಲ್ಲ ಒಂದೇ ಯಂತ್ರ ಇದ್ದರೂ ಪ್ರತಿಯೊಬ್ಬರೂ ತಮ್ಮ ಕಾರ್ಡ್ ಹಾಕಿ ತಮ್ಮದೇ ಮಾಹಿತಿ ನೋಡಿಕೊಳ್ಳಲಿ ಅಂತ. 2004ರಲ್ಲಿ ಮಾರುಕಟ್ಟೆಗೆ ಬಂತು, ಹೆಚ್ಚು ದಿನ ನಿಲ್ಲಲಿಲ್ಲ. ಸೋತಿರಬಹುದು, ಆದರೆ ಹಳ್ಳಿಯವನು ಅದನ್ನು ಹೇಗೆ ಬಳಸ್ತಾನೆ ಅಂತ ಯಾರೋ ಕೂತು ಯೋಚಿಸಿದ್ದು ಆ ಕಿಂಡಿಯಲ್ಲಿ ಕಾಣುತ್ತೆ. ಏಳು ವರ್ಷ ಬಿಟ್ಟು 2011ರಲ್ಲಿ ಕೇಂದ್ರ ಸರ್ಕಾರ ಆಕಾಶ್ ಟ್ಯಾಬ್ಲೆಟ್ ತಂದಾಗ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ, 2,276 ರೂಪಾಯಿ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಉಗುರಲ್ಲಿ ಒತ್ತಿದರೂ ಕೇಳದ ಪರದೆ. ಅಗ್ಗ ಅನ್ನೋದೇ ಅದರ ಏಕೈಕ ಗುಣವಾಗಿತ್ತು, ಮಕ್ಕಳು ಅದರಲ್ಲಿ ಏನು ಮಾಡ್ತಾರೆ ಅಂತ ಕೇಳಿದವರು ಕಡಿಮೆ.

(ಜಮಖಂಡಿಗೆ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಇದೇ ರೀತಿ ಬಂತು. ಹೆಸರು ದೊಡ್ಡದು, ಕೊಟ್ಟದ್ದು ಕಡಿಮೆ. ಎರಡು ವರ್ಷ ತುಂಬೋದರೊಳಗೆ, 2025ರ ಫೆಬ್ರುವರಿಯಲ್ಲಿ, ಸಂಪುಟ ಉಪಸಮಿತಿ ಇಂಥ ಒಂಬತ್ತನ್ನು ಮುಚ್ಚುವ ಮಾತಾಡಿತು. ಬಜೆಟ್ ಲ್ಯಾಪ್‌ಟಾಪ್, ಬಜೆಟ್ ಯೂನಿವರ್ಸಿಟಿ.)

‘ಫೋನ್ ಇದೆಯಲ್ಲ, ಅದರಲ್ಲೇ ಎಲ್ಲ ಆಗತ್ತೆ’ ಅನ್ನೋ ನಮ್ಮ ಗೆಳೆಯರಿಗೆ ಒಂದು ಮಾತು. ಆಗಲ್ಲ. ಡಿಗ್ರಿ ಪ್ರವೇಶ, ಪರೀಕ್ಷಾ ಅರ್ಜಿ ಎಲ್ಲ ಯುಯುಸಿಎಂಎಸ್‌ನಲ್ಲಿ, ಸ್ಕಾಲರ್‌ಶಿಪ್ ಎಸ್‌ಎಸ್‌ಪಿಯಲ್ಲಿ. ಫೋಟೋ ಇಷ್ಟು ಕೆಬಿ ಒಳಗಿರಬೇಕು, ಸರ್ಟಿಫಿಕೇಟ್ ಪಿಡಿಎಫ್ ಆಗಿರಬೇಕು. ಐದಿಂಚಿನ ಪರದೆಯಲ್ಲಿ ಇದನ್ನು ನೀವೇ ಒಮ್ಮೆ ಮಾಡಿ ನೋಡಿ. ಆಗದವರು ಆನ್‌ಲೈನ್ ಸೆಂಟರಿಗೆ ಹೋಗ್ತಾರೆ. ಅಲ್ಲಿ ಏನಾಗತ್ತೆ? ಆಧಾರ್ ಕೊಡ್ತಾಳೆ, ಫೋನಿಗೆ ಬಂದ ಒಟಿಪಿ ಜೋರಾಗಿ ಓದಿ ಹೇಳ್ತಾಳೆ, ಪಾಸ್‌ವರ್ಡನ್ನು ಅಂಗಡಿಯವನೇ ಇಟ್ಟು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಾನೆ. ಮರೆತರೆ ಮತ್ತೆ ಅವನ ಹತ್ತಿರವೇ ಬರಬೇಕಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯ ಮೊಬೈಲ್ ನಂಬರು, ಫೋಟೋ, ಬ್ಯಾಂಕ್ ಖಾತೆ, ಪಾಸ್‌ವರ್ಡು ಎಲ್ಲ ಪರಿಚಯ ಇಲ್ಲದವನ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಬಿದ್ದಿರತ್ತೆ. ಎಲ್ಲ ಸೆಂಟರಿನವರೂ ಕೆಟ್ಟವರು ಅಂತ ನಾನು ಹೇಳ್ತಿಲ್ಲ, ನಮ್ಮೂರ ಕಡೆ ದುಡ್ಡು ತೊಗೊಳ್ಳದೆ ಫಾರ್ಮ್ ತುಂಬಿಕೊಡೋರೂ ಇದ್ದಾರೆ. ಆದರೆ ಬೆಂಗಳೂರಲ್ಲಿ ಎರಡು ಹಂತದ ಭದ್ರತೆ ಅಂತ ಭಾಷಣ ಬಿಗಿಯೋ ನಾವು, ನಮ್ಮ ತಂಗಿಯರ ಪಾಸ್‌ವರ್ಡ್ ಅಂಗಡಿ ನೋಟ್‌ಬುಕ್ಕಿನಲ್ಲಿರೋದನ್ನ ಹೇಗೆ ಒಪ್ಪಿಕೊಂಡ್ವಿ?

ಆ ಹುಡುಗಿಗೆ ಸ್ವಂತದ್ದೊಂದು ಯಂತ್ರ ಬೇಕಾಗಿರೋದು ಇದಕ್ಕೆ. ಸಿನಿಮಾ ನೋಡೋಕೆ ಫೋನೇ ಸಾಕು ಅಂತ ಅವಳಿಗೂ ಗೊತ್ತು. ರಾತ್ರಿ ಒಂಬತ್ತಕ್ಕೆ ಸೆಂಟರ್ ಮುಚ್ಚಿದ ಮೇಲೆ, ‘ಈಗ್ಯಾಕ ಹೊರಗ ಹೊಂಟಿ’ ಅಂತ ಯಾರೂ ಕೇಳದ ಹಾಗೆ, ಮನೆಯಲ್ಲೇ ಕೂತು ಅರ್ಜಿ ತುಂಬೋಕೆ, ಟ್ಯಾಲಿ ಅಭ್ಯಾಸ ಮಾಡೋಕೆ, ಎಕ್ಸೆಲ್ ಕಲಿಯೋಕೆ ಬೇಕು. ಹತ್ತು ಬ್ರೌಸರ್ ಟ್ಯಾಬ್ ತೆರೆದರೆ ಉಸಿರುಗಟ್ಟೋ ಡಬ್ಬಿ ಕೊಟ್ಟರೆ ಏನಾಗತ್ತೆ ಗೊತ್ತಾ? ಅವಳು ಯಂತ್ರವನ್ನು ಬೈಯಲ್ಲ. ‘ಅಣ್ಣಾ, ನನಗ ಇದು ಬರೂದಿಲ್ಲ ಅನಸ್ತೈತಿ’ ಅಂತಾಳೆ. ಕಾಕಾನ ಮಗಳು ಹೀಗೇ ಅಂದಳು. ನನಗೆ ಸಿಟ್ಟು ಬಂದಿದ್ದು ಆ ಮಾತಿಗೆ.

ಹಾಗಾದರೆ ಏನು ಕೊಳ್ಳಬೇಕು? ಅದೇ ದುಡ್ಡಿಗೆ, ಇಲ್ಲ ಎರಡು-ಮೂರು ಸಾವಿರ ಹೆಚ್ಚಿಗೆ ಹಾಕಿದರೆ, ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ಬರತ್ತೆ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490 ಥರದ್ದು, 2018ರ ಕಾಲದ್ದು. ಇಂಟೆಲ್ ಎಂಟನೇ ಪೀಳಿಗೆ ಅನ್ನೋದನ್ನ ಗಟ್ಟಿಯಾಗಿ ಹಿಡೀರಿ, ಅದಕ್ಕಿಂತ ಹಿಂದಿನದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಎರಡನ್ನೂ ಸ್ಕ್ರೂ ಬಿಚ್ಚಿ ಬದಲಿಸಬಹುದು. ಕೀಬೋರ್ಡ್ ಹಾಳಾದರೆ ಎಸ್.ಪಿ. ರೋಡಿನಲ್ಲಿ ಸಿಗತ್ತೆ. ಒಂದೂವರೆ ಕಿಲೋ ತೂಕ ಇರಬಹುದು, ಮೂಲೆ ಸವೆದಿರಬಹುದು, ಬ್ಯಾಟರಿ ಬಹುತೇಕ ಸೋತಿರತ್ತೆ. ಬ್ಯಾಟರಿಗೆ ಎರಡು-ಮೂರು ಸಾವಿರ ಮೊದಲೇ ತೆಗೆದಿಡಿ, ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ. ಮೋಸ ಇಲ್ವಾ? ಇದೆ. ಮೇಲೆ ಸ್ಟಿಕ್ಕರ್ ಐ7, ಒಳಗೆ ಹಳೇ ಐ3 ಕೊಡೋರಿದ್ದಾರೆ. ಅದನ್ನ ಪತ್ತೆ ಹಚ್ಚೋದು ಕಾಕಾನ ಕೆಲಸ ಅಲ್ಲ, ನಮ್ಮದು. ಲಿಂಕ್ ಕಳಿಸೋ ಬದಲು ಒಂದು ಶನಿವಾರ ಎಸ್.ಪಿ. ರೋಡಿಗೆ ಹೋಗಿ, ಆನ್ ಮಾಡಿ, ಒಳಗಿನ ವಿವರ ನೋಡಿ, ಕ್ಯಾಮೆರಾ, ಕೀಲಿ, ಚಾರ್ಜಿಂಗ್ ಎಲ್ಲ ಪರೀಕ್ಷಿಸಿ, ಬಿಲ್ ಹಾಕಿಸಿ, ರಾತ್ರಿ ಜಮಖಂಡಿ ಬಸ್ಸಿಗೆ ಹೋಗೋ ನಂಬಿಕಸ್ಥರ ಕೈಯಲ್ಲಿ ಕಳಿಸಿ. ಅರ್ಧ ದಿನದ ಕೆಲಸ. ಏಳನೇ ಪೀಳಿಗೆಯದ್ದು ಇನ್ನೂ ಅಗ್ಗಕ್ಕೆ ಬಂದರೆ ಲಿನಕ್ಸ್ ಹಾಕಿಕೊಡಿ. ಟ್ಯಾಲಿ ನಡೆಯಲ್ಲ, ಬೇರೆಲ್ಲ ನಡೆಯತ್ತೆ, ಕಗಪ ಕೀಲಿಮಣೆಯೂ ಅದರಲ್ಲೇ ಇರತ್ತೆ.

ಹೊಸದೇ ಬೇಕು ಅನ್ನೋರು ಕೇಳಲೇಬೇಕಾದ ಪ್ರಶ್ನೆ ಒಂದೇ: ರ‍್ಯಾಮ್, ಡಿಸ್ಕ್ ಬದಲಿಸೋಕೆ ಬರತ್ತಾ? ಈಗಂತೂ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನೆಲ್ಲ ನುಂಗಿ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ. ಬೆಲೆ ಅಷ್ಟೇ ಇಟ್ಟು ಒಳಗಿನ ಮಾಲು ಕಡಿಮೆ ಮಾಡೋ ಆಸೆ ಕಂಪನಿಗಳಿಗೆ ಇನ್ನೂ ಜಾಸ್ತಿ ಆಗತ್ತೆ.

ಸರ್ಕಾರಕ್ಕೂ ಒಂದು ಪಾಲು ಕೊಡೋಣ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿಸಿದಾಗ ಎಸಿ, ದೊಡ್ಡ ಟಿವಿ 28ರಿಂದ 18ಕ್ಕೆ ಬಂದವು, ಪೆನ್ಸಿಲ್, ನೋಟ್‌ಬುಕ್ ಸೊನ್ನೆಗೆ ಬಂದವು. ಲ್ಯಾಪ್‌ಟಾಪ್ ಮಾತ್ರ 18ರಲ್ಲೇ ಉಳೀತು. 16,500ರಲ್ಲಿ ಸುಮಾರು ಎರಡೂವರೆ ಸಾವಿರ ತೆರಿಗೆಯೇ. ಪರೀಕ್ಷೆ ಅರ್ಜಿ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದರೆ ತೊಗೋತಾರಾ?

ಕೊನೆಯದಾಗಿ ನಮ್ಮ ಆಫೀಸುಗಳು. ಮೂರು-ನಾಲ್ಕು ವರ್ಷಕ್ಕೊಮ್ಮೆ ನಮ್ಮ ಲ್ಯಾಪ್‌ಟಾಪ್ ಬದಲಿಸ್ತಾರೆ. ಹಳೆಯದು ಎಲ್ಲಿಗೆ ಹೋಗತ್ತೆ ಅಂತ ಎಷ್ಟು ಜನ ಕೇಳಿದ್ದೀವಿ? ಕೆಲವು ಹರಾಜಿಗೆ, ಕೆಲವು ಪುಡಿ ಮಾಡೋ ಯಂತ್ರಕ್ಕೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ರೀಸೈಕಲ್ ಮಾಡೋರ ಜೊತೆಗೆ ರಿಪೇರಿ ಮಾಡಿ ಮತ್ತೆ ಬಳಕೆಗೆ ತರೋರಿಗೂ ಜಾಗ ಇದೆ, ಹಾಗಾಗಿ ಕಾನೂನು ಅಡ್ಡ ಅನ್ನೋ ನೆಪ ನಡೆಯಲ್ಲ. ನಾನು ನಮ್ಮ ಆಫೀಸಿನಲ್ಲಿ ಕೇಳಿದೆ, ಹಳೇ ಮಷೀನ್‌ಗಳಲ್ಲಿ ಒಂದಿಪ್ಪತ್ತು ನಮ್ಮ ಕಡೆಯ ಸರ್ಕಾರಿ ಕಾಲೇಜಿಗೆ ಕೊಡಬಹುದಾ ಅಂತ. ಡೇಟಾ ಸುರಕ್ಷತೆ ಅಂದರು. ಡಿಸ್ಕ್ ನೀವೇ ಇಟ್ಟುಕೊಳ್ಳಿ, ಉಳಿದದ್ದು ಕೊಡಿ, ಡಿಸ್ಕ್ ನಾವು ಚಂದಾ ಎತ್ತಿ ಹಾಕಿಸ್ತೀವಿ ಅಂದೆ. ಅಂಥ ಪಾಲಿಸಿ ಇಲ್ಲ ಅಂತ ಉತ್ತರ ಬಂತು. ಪಾಲಿಸಿ ಯಾರು ಬರೀತಾರೆ ಅಂತ ಕೇಳಿದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ. ನಿಮ್ಮ ನಿಮ್ಮ ಆಫೀಸಿನಲ್ಲೂ ಇದೇ ಮೇಲ್ ಕಳಿಸಿ. ಡಿಸ್ಕ್ ಬಿಚ್ಚೋಕೆ ಬೇಕಾಗೋದು ಒಂದು ಸ್ಕ್ರೂಡ್ರೈವರ್ ಮತ್ತು ಹತ್ತು ನಿಮಿಷ ಅಂತ ಅದರಲ್ಲೇ ಬರೆದುಬಿಡಿ.